ಭಜ್ಜಿ ಗಡಿಗೆಯೊಳಗಿನ ಚರಿತ್ರೆ

ಈ ವಾರದ ಸಂಚಿಕೆಯಲ್ಲಿ ರಾಜರ ಕಥೆ ಸ್ವಲ್ಪ, ಒಲೆಯ ಮುಂದಿನ ಕಥೆ ಜಾಸ್ತಿ.

ಕಳೆದ ಎಳ್ಳ ಅಮಾವಾಸ್ಯೆಗೆ ಕಲ್ಮಲದಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ರಾಯಚೂರಿನಿಂದ ಬಂದ ರಸ್ತೆ ಈ ಊರಲ್ಲಿ ಕವಲೊಡೆಯುತ್ತದೆ. ಒಂದು ಮಾನ್ವಿ, ಸಿಂಧನೂರಿನ ಕಡೆಗೆ, ಇನ್ನೊಂದು ದೇವದುರ್ಗದ ಕಡೆಗೆ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅತ್ತೆ ಆಗಲೇ ಒಲೆಯ ಮುಂದೆ ಕೂತು ಹಸಿ ಕಡಲೆ ಸುಲೀತಿದ್ದರು.

ಅವರು ಮಾಡ್ತಿದ್ದದ್ದು ಭಜ್ಜಿ. ಬೆಂಗಳೂರು ಕಡೆಯ ಕೇಳುಗರು ಎಣ್ಣೆಯಲ್ಲಿ ಕರಿದ ಬಜ್ಜಿ ಅಂದ್ಕೋಬೇಡಿ. ಇದು ಪಲ್ಯ. ಬೀದರ್, ಕಲಬುರಗಿಯಿಂದ ನಮ್ಮ ಕಡೆಯವರೆಗೂ ಎಳ್ಳ ಅಮಾವಾಸ್ಯೆಗೆ ಮಾಡ್ತಾರೆ, ಮನೆಯಿಂದ ಮನೆಗೆ ಕೈ ಬೇರೆ. ಹಸಿ ಕಡಲೆ, ಹಸಿ ತೊಗರಿ, ಅವರೆ, ಶೇಂಗಾ ಮೊದಲು ಬೇಯಬೇಕು. ಆಮೇಲೆ ಬದನೆಕಾಯಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಎಳೆ ಕಡಲೆ ಸೊಪ್ಪು. ಹುಣಸೆ ರಸದಲ್ಲಿ ಕಡಲೆ ಹಿಟ್ಟನ್ನು ಗಂಟಾಗದಂತೆ ಕಲಸಿ ಹೊಯ್ದು, ಕೈಬಿಡದೆ ತಿರುವಬೇಕು. ಗಟ್ಟಿಯಾದ ಮೇಲೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡಬು. ಚಳಿಯಲ್ಲಿ ಬಿಸಿ ಬಿಸಿ ತಿಂದರೆ ಮೈಯೆಲ್ಲ ಬೆಚ್ಚಗಾಗುತ್ತೆ.

ನಾನು ಸುಮ್ಮನೆ ಕೇಳಿದೆ, "ಕಡ್ಲಿ ಭಾಳ ಛಲೋ ಅದಾವಲ್ಲ ಅತ್ತಿ, ಹೊಲದ್ದೇನು?"

"ಎಲ್ಲೀ ಹೊಲಾನಪ್ಪ? ರಾಯಚೂರು ಮಾರ್ಕೆಟ್ಟಿಂದು. ನಮ್ಮ ಹೊಲದಾಗ ಕಡ್ಲಿ ಬೆಳದು ಎಷ್ಟ ವರ್ಷಾತು."

ಈ ಸಂಚಿಕೆ ಹುಟ್ಟಿದ್ದು ಆ ಮಾತಿನಿಂದ.

ಭಜ್ಜಿ ನಮ್ಮ ನೆಲದ ಪುರಾತನ ಅಡುಗೆ ಅಂತ ನಾವು ಹೇಳ್ಕೊಳ್ತೀವಿ. ಆದರೆ ಗಡಿಗೆಯೊಳಗಿನ ಒಂದೊಂದೇ ಸಾಮಾನು ಹೊರಗೆ ತೆಗೆದು ನೋಡಿ. ಎಳ್ಳು, ತೊಗರಿ ಈ ದೇಶದವೇ. ಕಡಲೆಯ ತವರು ಪಶ್ಚಿಮ ಏಷ್ಯಾ. ಸಜ್ಜೆ, ಜೋಳ, ಹುಣಸೆ ಆಫ್ರಿಕಾದಿಂದ ಬಂದವು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾದ ಕಾಳು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಹುರುಳಿ, ಹೆಸರು, ಸಣ್ಣ ಸಿರಿಧಾನ್ಯ. ನಮ್ಮ ಜಿಲ್ಲೆಯ ಪಿಕ್ಲಿಹಾಳ, ಮಸ್ಕಿಯಲ್ಲೂ ಅದೇ ಕಾಲದ ದನಗಾಹಿ ರೈತರು ಬದುಕಿದ್ದರು. ಈಗ ನಾವು 'ನಮ್ಮದು' ಅನ್ನುವ ಜೋಳದ ರೊಟ್ಟಿ ಅವರಿಗೆ ಗೊತ್ತಿರಲಿಲ್ಲ.

ಮೆಣಸಿನಕಾಯಿ, ಶೇಂಗಾ ಇನ್ನೂ ಹೊಸಬರು. ಎರಡೂ ಅಮೆರಿಕ ಖಂಡದವು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರು ಕೋಟೆ ಗೆದ್ದ. ಕ್ರಿಸ್ತೋವಾವ್ ದ ಫಿಗರೆದೊ ಎಂಬ ಪೋರ್ಚುಗೀಸ ತನ್ನ ಕೋವಿಗಾರರ ಜೊತೆ ರಾಯನ ಕಡೆ ನಿಂತಿದ್ದ ಅಂತ ನುನಿಜ್ ಬರೆದಿಟ್ಟಿದ್ದಾನೆ. ಪೋರ್ಚುಗೀಸರು ಗೋವೆ ಹಿಡಿದು ಆಗ ಹತ್ತೇ ವರ್ಷ. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಅವರ ಹಡಗುಗಳಲ್ಲಿ. ಅಂದರೆ ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್‌ಗಾಗಿ ಶತಮಾನಗಳ ಕಾಲ ಹೊಡೆದಾಡಿದ ಬಹುಪಾಲು ಸೈನಿಕರು ಮೆಣಸಿನಕಾಯಿಯ ಖಾರ ಕಂಡವರೇ ಅಲ್ಲ.

ಹಾಗಾದರೆ ಭಜ್ಜಿಯಲ್ಲಿ ಹಳೆಯದು ಯಾವುದು? ಸಾಮಾನಲ್ಲ, ಹೊಲ. ಮುಂಗಾರು ಮುಗಿದ ಮೇಲೆ ಎರೆಭೂಮಿ ತೇವ ಹಿಡಿದಿಟ್ಟುಕೊಳ್ಳುತ್ತೆ. ಆ ತೇವಕ್ಕೇ ಹಿಂಗಾರಿ ಜೋಳ, ಕಡಲೆ ಬಿತ್ತುತ್ತಾರೆ, ಮುಂಗಾರಿನ ತೊಗರಿ ಪಕ್ಕದಲ್ಲೇ ಕಾಯಿ ಕಟ್ಟುತ್ತಿರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅನ್ನೋ ಲೆಕ್ಕ. ಅಮಾವಾಸ್ಯೆ ಹೊತ್ತಿಗೆ ಎಲ್ಲ ಕಾಳೂ ಹಸಿಯಾಗಿ ಒಟ್ಟಿಗೆ ಕೈಗೆ ಸಿಗುತ್ತವೆ. ಅದಕ್ಕೇ ಈ ಪಲ್ಯ, ಅದಕ್ಕೇ ಈ ದಿನ. ಹೊಲಕ್ಕೆ ಬುತ್ತಿ ಒಯ್ದು, ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಉಣ್ಣಬೇಕು.

ಇನ್ನು ಅತ್ತೆಯ ಹೊಲದ ಮಾತು. ಅದು ಇರೋದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು 1945ರಲ್ಲಿ ಅಡಿಗಲ್ಲಿಟ್ಟ ಜಲಾಶಯದಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆಯ ಯೋಜನೆ ಹಾಕಿದಾಗ ಉದ್ದೇಶ ಬರದಿಂದ ಬೆಳೆ ಉಳಿಸೋದು. ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸ್ವಲ್ಪ ಜಾಗ ಮಾತ್ರ. ಆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆದು ತೋರಿಸಿದರು. ನಮ್ಮವರೂ ಕಲಿತರು. ಮೇಲಿನವರು ಭತ್ತಕ್ಕೆ ನೀರು ಹಿಡಿದಾಗ ಮಾನ್ವಿ, ರಾಯಚೂರು ತಾಲ್ಲೂಕಿನ ಕೊನೆ ಭಾಗದವರು ಕಾಲುವೆ ನೋಡ್ತಾ ಕೂರೋದು ಇವತ್ತಿಗೂ ನಡೆದಿದೆ.

ಭತ್ತದ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆಗಂತೂ ಮೊದಲೇ ಇಲ್ಲ. "ನಾವು ಸಣ್ಣವರಿದ್ದಾಗ ಅನ್ನ ಹಬ್ಬಕ್ಕಷ್ಟ. ಮಳಿ ಹೋದ್ರ ಊರ ಮಂದಿ ಗುಳೇ ಹೋಗ್ತಿದ್ರು. ನೀ ಅದನ್ನ ನೋಡಿಲ್ಲ," ಅಂದರು. ಒಣ ಬೇಸಾಯವನ್ನು ದೂರದಿಂದ ಹೊಗಳೋರಿಗೆ ಈ ಮಾತು ನೆನಪಿರಬೇಕು.

ಆದರೂ ಒಂದು ಲೆಕ್ಕ ಉಳಿಯುತ್ತೆ. ಕೆಸರಿನ ಗದ್ದೆ ಒಂದೇ ಬೆಳೆ ಕೊಡುತ್ತೆ. ನೀರು ಬಂದರೆ ಎಲ್ಲ, ಬರದಿದ್ದರೆ ಏನೂ ಇಲ್ಲ. ಐದಾರು ಕಾಳು ಒಟ್ಟಿಗಿದ್ದ ಹೊಲ ಹಾಗೆ ಪೂರ್ತಿ ಕೈಬಿಡುತ್ತಿರಲಿಲ್ಲ. ಗಡಿಗೆಯಲ್ಲಿ ಕಾಳು ಕಡಿಮೆಯಾದವು ಅಂದರೆ ರೈತನ ಕೈಯಲ್ಲಿದ್ದ ದಾರಿಗಳೂ ಕಡಿಮೆಯಾದವು ಅಂತ ಅರ್ಥ.

ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ನಾಟಿಗೆ ಹದ ಮಾಡಿದ್ದ ಗದ್ದೆ, ಕೂರಲು ಒಣ ಜಾಗವಿಲ್ಲ. ಬದುವಿನ ಮೇಲೆ ಸಾಲಾಗಿ ಕೂತು ಉಂಡೆವು. ಅತ್ತೆ ಚರಗ ಚೆಲ್ಲಿದ್ದು ಕೆಸರಿನ ನೀರಿಗೆ.

"ಒಂದ ವರ್ಷ ಕಾಲುವಿ ನೀರ ಬರಲಿಲ್ಲ. ಭತ್ತ ಬಿಟ್ಟು ಕಡ್ಲಿ ಹಾಕಿದ್ವಿ," ಅಂದರು ಊಟ ಮಾಡ್ತಾ. "ಸಾಲ ಏನೋ ಆತು. ಆದ್ರ ಭಜ್ಜಿ ಮಾತ್ರ ಮನಿದು."

ಬರೋ ವರ್ಷ ಮೇಲಿನ ಒಣ ತುಂಡು ಅರ್ಧ ಎಕರೆಯಲ್ಲಿ ಕಡಲೆ ಹಾಕೋಣ ಅಂತ ಮಗನಿಗೆ ಹೇಳಿದ್ದಾರೆ. ಅವನು ಹೂಂ ಅಂದಿಲ್ಲ, ಒಲ್ಲೆ ಅಂತಾನೂ ಅಂದಿಲ್ಲ. ಮುಂದಿನ ಅಮಾವಾಸ್ಯೆಗೆ ಹೋಗಿ ನೋಡಿ ನಿಮಗೆ ಹೇಳ್ತೀನಿ.