ಸೂರಿನ ನೀರು: ಮಳೆಗಾಲಕ್ಕೆ ಮುಂಚೆ ತಿಳಿದಿರಬೇಕಾದ್ದು

ಕುಂದಾಪುರದ ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅಂದ್ರೆ 100 ಚದರ ಮೀಟರ್ ಮಾಡಿನ ಮೇಲೆ ಬೀಳೋದು 4 ಲಕ್ಷ ಲೀಟರ್. ಹಿಂದೆ ಅದನ್ನು ಹಿಡಿಯಲು ಅಡಿಕೆ ಮರ ಸೀಳಿದ ದಂಬೆ ಇತ್ತು. ಈಗ ತಗಡು, ಪಿವಿಸಿ.

ಮೇ ಮುಗಿಯೋದ್ರೊಳಗೆ ದಂಬೆಯ ತರಗೆಲೆ, ಪಾಚಿ ತೆಗೆಯಿರಿ. ಒಂದು ಕೊಡ ನೀರು ಸುರಿದು ನೋಡಿ. ಎಲ್ಲಾದರೂ ನಿಂತರೆ ಇಳಿಜಾರು ಸರಿಮಾಡಿ. ನಿಂತ ನೀರಲ್ಲಿ ವಾರ, ಹತ್ತು ದಿನಕ್ಕೇ ಡೆಂಗಿ ಸೊಳ್ಳೆ ತಯಾರಾಗುತ್ತೆ. ಸೂರಿನ ಅಂಚಿನ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗಿದ್ದರೆ ಪೇಂಟ್ ಬಳಿದು ಪ್ರಯೋಜನವಿಲ್ಲ, ಹಲಗೆ ಬದಲಿಸಿ. ಬಿಟ್ಟರೆ ಗೆದ್ದಲು ಪಕಾಸಿಗೂ ಹತ್ತುತ್ತೆ.

ಇಷ್ಟು ನೀರನ್ನು ರಸ್ತೆಗೆ ಬಿಟ್ಟು, ಏಪ್ರಿಲ್‌ನಲ್ಲಿ ಪಂಚಾಯತ್ ಟ್ಯಾಂಕರ್ ಕಾಯೋದು ಯಾವ ಲೆಕ್ಕ? ಮೊದಲ ಮಳೆಯ ಕೊಳೆ ಹೊರಗೆ ಹೋಗಲಿ. ಆಮೇಲಿನ ನೀರನ್ನು ಸೋಸಿ ಬಾವಿಗೆ ಹಾಯಿಸಿ.