ಕಂದಾಯ ದಾಖಲೆಗಳಲ್ಲಿನ ಪದಪುಂಜಗಳು: ಅರ್ಥ ಮತ್ತು ಬಳಕೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ತೆಲುಗು ಮಾತು ರೂಢಿಯಲ್ಲಿದ್ದು, ಕಂದಾಯ ದಾಖಲೆಗಳು ಕನ್ನಡದಲ್ಲಿರುತ್ತವೆ. ದಾಖಲೆಗಳ ಹಲವು ಪದಗಳು ಅರಬ್ಬಿ, ಪಾರಸಿ ಮೂಲದವು. ಪದಪುಂಜವಾಗಿ ಬಳಕೆಯಾದಾಗ ಅವುಗಳಿಗೆ ಆಡುಮಾತಿನ ಅರ್ಥಕ್ಕಿಂತ ಭಿನ್ನವಾದ ನಿರ್ದಿಷ್ಟ ಅರ್ಥವಿರುತ್ತದೆ.

1. ಪೌತಿ ಖಾತೆ: 'ಪೌತಿ' ಎಂದರೆ ಮರಣ. ಖಾತೆದಾರರು ಮೃತಪಟ್ಟಲ್ಲಿ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಇದು ವಿಭಾಗವಲ್ಲ; ಇದರಿಂದ ಯಾರ ಪಾಲೂ ನಿರ್ಧಾರವಾಗುವುದಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 128ನೇ ಪ್ರಕರಣದಂತೆ ಹಕ್ಕು ಪ್ರಾಪ್ತವಾದ 3 ತಿಂಗಳೊಳಗೆ ವರದಿ ಮಾಡತಕ್ಕದ್ದು.

2. 'ಅ' ಖರಾಬು, 'ಬ' ಖರಾಬು: ಮಾತಿನಲ್ಲಿ ಖರಾಬು ಎಂದರೆ ಕೆಟ್ಟದ್ದು. ದಾಖಲೆಯಲ್ಲಿ 'ಅ' ಖರಾಬು ಸಾಗುವಳಿಗೆ ಯೋಗ್ಯವಲ್ಲದ ಜಮೀನು. 'ಬ' ಖರಾಬು ರಸ್ತೆ, ಕೆರೆ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶದ ಜಮೀನು. ತಮ್ಮದೇ ಸರ್ವೆ ನಂಬರಿನಲ್ಲಿ ನಮೂದಾಗಿದ್ದರೂ ಇದನ್ನು ಮಾರಲು ಖಾತೆದಾರರಿಗೆ ಹಕ್ಕಿಲ್ಲ. ಒಂದೇ ಅಕ್ಷರದ ಈ ವ್ಯತ್ಯಾಸವನ್ನು ಗಮನಿಸದೆ ಖರೀದಿಸಿದವರು ಹಣ ಕಳೆದುಕೊಳ್ಳುವ ಸಂಭವವಿರುತ್ತದೆ.

3. ಹದ್ದುಬಸ್ತು, ಪೋಡಿ: ಈಗಿರುವ ಗಡಿಯನ್ನು ಅಳತೆ ಮಾಡಿ ಗುರುತಿಸುವುದು ಹದ್ದುಬಸ್ತು. ಒಂದು ಸರ್ವೆ ನಂಬರನ್ನು ಹಿಸ್ಸೆಗಳಾಗಿ ವಿಂಗಡಿಸುವುದು ಪೋಡಿ. ಇವೆರಡಕ್ಕೂ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

ಅರ್ಜಿದಾರರು ಸಹಿ ಮಾಡುವ ಮುನ್ನ ಪಹಣಿಯ ನಮೂದುಗಳನ್ನು ಓದಿಸಿಕೊಂಡು, ಸಂಶಯವಿದ್ದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳಲ್ಲಿ ಅಥವಾ ನಾಡಕಚೇರಿಯಲ್ಲಿ ವಿಚಾರಿಸುವುದು.