ಒಂದು ಡ್ರಾ ಸಾಕಿತ್ತು: ಟ್ರಿನಿಡಾಡ್‌ನ ಕೆಂಪು ಅಂಗಿಯ ಕಥೆ

🔴 ಭಾಗ 1/8

ಪೋರ್ಟ್ ಆಫ್ ಸ್ಪೇನ್ ಅಂದ್ರೆ ನಮ್ಮಲ್ಲಿ ಹಳೇ ಕ್ರಿಕೆಟ್ ಪ್ರೇಮಿಗಳಿಗೆ ಒಂದೇ ನೆನಪು. 1976ರ ಏಪ್ರಿಲ್, ಕ್ವೀನ್ಸ್ ಪಾರ್ಕ್ ಓವಲ್, ಗುರಿ 403 ರನ್. ನಮ್ಮ ವಿಶಿ 112 ಹೊಡೆದರು, ಭಾರತ ಗೆದ್ದಿತು. ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂತಿದ್ದ ತಲೆಮಾರು ಇವತ್ತಿಗೂ ಆ ಕಥೆ ಹೇಳುತ್ತೆ.

ಆದರೆ ಆ ಊರಿನ ಜನರನ್ನೇ ಕೇಳಿ, ನಿಮ್ಮ ಎದೆಯಲ್ಲಿ ಉಳಿದಿರೋ ದಿನ ಯಾವುದು ಅಂತ. ಬಹಳಷ್ಟು ಮಂದಿ ಬೇರೆಯದೇ ತಾರೀಕು ಹೇಳ್ತಾರೆ: 1989ರ ನವೆಂಬರ್ 19, ಭಾನುವಾರ. ಅದು ಕ್ರಿಕೆಟ್ ಅಲ್ಲ, ಫುಟ್‌ಬಾಲ್. ಅವತ್ತು ಅವರು ಗೆಲ್ಲಲಿಲ್ಲ.

ಟ್ರಿನಿಡಾಡ್ ಮತ್ತು ಟೊಬೇಗೋ: ಎರಡು ದ್ವೀಪ, ಒಂದು ದೇಶ. ಆಗ ಜನಸಂಖ್ಯೆ ಸುಮಾರು 12 ಲಕ್ಷ. ಈ ಪುಟ್ಟ ದೇಶದ ತಂಡ ಒಂದು ಸೋಲನ್ನು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟಿಸಿತು ಅನ್ನೋದೇ ಈ ಸರಣಿ. ಆ ಸೋಲಿನ ಬೇರು ಮಾತ್ರ 1989ಕ್ಕಿಂತ 16 ವರ್ಷ ಹಿಂದಿದೆ, ಅದೂ ಇನ್ನೊಂದು ದ್ವೀಪದಲ್ಲಿ.

🔴 ಭಾಗ 2/8: ಹೈಟಿಯ ಆ ರಾತ್ರಿ

1973ರ ಡಿಸೆಂಬರ್. 1974ರ ವಿಶ್ವಕಪ್‌ಗೆ ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ಸೇರಿ ಇಡೀ ವಲಯಕ್ಕೆ ಇದ್ದದ್ದು ಒಂದೇ ಒಂದು ಸ್ಥಾನ. ಆರು ತಂಡಗಳ ಅಂತಿಮ ಸುತ್ತಿನ ಎಲ್ಲಾ ಪಂದ್ಯಗಳೂ ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲೇ. ಹೈಟಿಯನ್ನು ಆಗ ಆಳುತ್ತಿದ್ದವನು 'ಬೇಬಿ ಡಾಕ್' ಅಂತ ಕರೆಸಿಕೊಳ್ಳುತ್ತಿದ್ದ ಸರ್ವಾಧಿಕಾರಿ ಜೀನ್-ಕ್ಲೋಡ್ ದುವಾಲಿಯೇ. ಅಪ್ಪ ಸತ್ತಾಗ, 19ನೇ ವಯಸ್ಸಿಗೇ ಕುರ್ಚಿ ಹತ್ತಿದವನು. ತಂಡ ವಿಶ್ವಕಪ್‌ಗೆ ಹೋಗಲೇಬೇಕು ಅನ್ನೋದು ಅವನಿಗೆ ಪ್ರತಿಷ್ಠೆಯ ಪ್ರಶ್ನೆ.

ಡಿಸೆಂಬರ್ 4ರಂದು ಹೈಟಿ ವಿರುದ್ಧ ಟ್ರಿನಿಡಾಡ್. ಫಲಿತಾಂಶ: ಹೈಟಿ 2, ಟ್ರಿನಿಡಾಡ್ 1.

ಸ್ಕೋರ್ ನೋಡಿದ್ರೆ ಏನೂ ವಿಶೇಷ ಇಲ್ಲ ಅನ್ಸುತ್ತೆ. ವಿಷಯ ಇರೋದು ಸ್ಕೋರಿನಲ್ಲಿ ಸೇರದೇ ಹೋದ ಗೋಲುಗಳಲ್ಲಿ. ಅವತ್ತು ಟ್ರಿನಿಡಾಡ್ ಚೆಂಡನ್ನು ಬಲೆಗೆ ಹಾಕಿದ್ದು ಒಂದೇ ಸಲ ಅಲ್ಲ. ಕನಿಷ್ಠ ನಾಲ್ಕು ಗೋಲುಗಳನ್ನು ರೆಫರಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ರೆಫರಿಯ ಮೇಲೆ ಆಮೇಲೆ ನಿಷೇಧವೂ ಬಿತ್ತು. ಫಲಿತಾಂಶ ಮಾತ್ರ ಹಾಗೇ ಉಳಿಯಿತು.

ಅದೇ ಟೂರ್ನಿಯಲ್ಲಿ ಇದೇ ಟ್ರಿನಿಡಾಡ್ ಮೆಕ್ಸಿಕೋವನ್ನು 4-0ಯಿಂದ ಸೋಲಿಸಿತು ಅಂದ್ರೆ ತಂಡದ ತಾಕತ್ತು ಎಂಥದ್ದು ಯೋಚಿಸಿ! ಕೊನೆಗೆ ಹೈಟಿಗೆ 8 ಅಂಕ, ಟ್ರಿನಿಡಾಡ್‌ಗೆ 6. ಗೆದ್ದವರಿಗೆ 2 ಅಂಕ ಕೊಡುತ್ತಿದ್ದ ಕಾಲ ಅದು. ಆ ಒಂದು ಪಂದ್ಯ ತಿರುಗಿದ್ದರೆ ಪಟ್ಟಿಯೂ ತಿರುಗುತ್ತಿತ್ತು. ಹೈಟಿ ಜರ್ಮನಿಗೆ ಹೋಯಿತು, ಟ್ರಿನಿಡಾಡ್ ಮನೆಗೆ ಹೋಯಿತು.

ಆ ತಂಡದಲ್ಲಿ ಎವರಾಲ್ಡ್ ಕಮಿಂಗ್ಸ್ ಅಂತ ಒಬ್ಬ ಆಟಗಾರ. ಊರವರ ಬಾಯಲ್ಲಿ 'ಗ್ಯಾಲಿ'. ಈ ಹೆಸರು ನೆನಪಿಟ್ಟುಕೊಳ್ಳಿ.

🔴 ಭಾಗ 3/8: ಕೆಂಪು ಭಾನುವಾರ

ಈಗ 1989ಕ್ಕೆ ಬರೋಣ. ತಂಡದ ಹೆಸರು 'ಸ್ಟ್ರೈಕ್ ಸ್ಕ್ವಾಡ್'. ಕೋಚ್ ಯಾರು ಗೊತ್ತಾ? ಅದೇ ಗ್ಯಾಲಿ ಕಮಿಂಗ್ಸ್. ಹೈಟಿಯಲ್ಲಿ ಕಳೆದುಕೊಂಡಿದ್ದನ್ನು ತನ್ನ ಹುಡುಗರ ಕಾಲಿನಿಂದ ವಾಪಸ್ ಪಡೆಯೋಕೆ ಹೊರಟಿದ್ದರು. ಆ ಹುಡುಗರಲ್ಲಿ ಇಬ್ಬರು: 21 ವರ್ಷದ ರಸೆಲ್ ಲಾಟಪಿ, ಮತ್ತು ಟೊಬೇಗೋ ದ್ವೀಪದ ಡ್ವೈಟ್ ಯಾರ್ಕ್. ಯಾರ್ಕ್‌ಗೆ 18 ತುಂಬಿ ಇನ್ನೂ ಮೂರು ವಾರ ಆಗಿರಲಿಲ್ಲ.

ದೇಶದ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಟ್ರಿನಿಡಾಡ್ ಬದುಕಿದ್ದೇ ತೈಲದ ಮೇಲೆ. 80ರ ದಶಕದಲ್ಲಿ ತೈಲದ ಬೆಲೆ ಕುಸಿದಾಗ ಖಜಾನೆ ಬರಿದಾಯಿತು, ಐಎಂಎಫ್ ಸಾಲ ಬಂತು, ಸರ್ಕಾರಿ ನೌಕರರ ಸಂಬಳದಲ್ಲಿ ಶೇ 10 ಕಡಿತವಾಯಿತು. ಆಫ್ರಿಕನ್ ಮೂಲದವರು, 1845ರಿಂದ ಕಬ್ಬಿನ ತೋಟದ ಕೂಲಿಗೆ ಹಡಗಿನಲ್ಲಿ ಬಂದಿಳಿದ ಭಾರತೀಯ ಮೂಲದವರು ಅಂತ ರಾಜಕೀಯವೂ ಬಹುಮಟ್ಟಿಗೆ ಇಬ್ಭಾಗ. ಇಂಥ ಹೊತ್ತಲ್ಲಿ ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಳ್ಳೋಕೆ ಒಂದು ಕಾರಣ ಸಿಕ್ಕಿತ್ತು.

ಲೆಕ್ಕ ಸರಳ. 1990ರ ವಿಶ್ವಕಪ್‌ಗೆ ಈ ವಲಯದಿಂದ ಎರಡು ತಂಡ. ಕೋಸ್ಟರಿಕಾ ಆಗಲೇ ಅರ್ಹತೆ ಪಡೆದಿತ್ತು. ಉಳಿದ ಒಂದು ಸ್ಥಾನಕ್ಕೆ ಅಮೆರಿಕ ಮತ್ತು ಟ್ರಿನಿಡಾಡ್, ಇಬ್ಬರಿಗೂ 9 ಅಂಕ. ಗೋಲು ಅಂತರದಲ್ಲಿ ಟ್ರಿನಿಡಾಡ್ ಮುಂದೆ. ಕೊನೆಯ ಪಂದ್ಯ ಸ್ವಂತ ಮನೆಯಂಗಳದಲ್ಲಿ. ಗೆಲ್ಲೋದೇ ಬೇಡ, ಡ್ರಾ ಆದ್ರೂ ಸಾಕು!

ಊರಿಗೆ ಊರೇ ಕೆಂಪಾಯಿತು. ಮರುದಿನ ರಜೆ ಅಂತ ಸರ್ಕಾರ ಮೊದಲೇ ಹೇಳಿಬಿಟ್ಟಿತ್ತು. ಬೆಳಗ್ಗೆಯಿಂದಲೇ ಜನ ಸ್ಟೇಡಿಯಂ ತುಂಬಿದರು. ಹಿಡಿಸೋದಕ್ಕಿಂತ ಸಾವಿರಾರು ಹೆಚ್ಚು ಟಿಕೆಟ್ ಮಾರಾಟವಾಗಿ, ಕೈಯಲ್ಲಿ ಟಿಕೆಟ್ ಇದ್ದವರೂ ಗೇಟಿನ ಹೊರಗೇ ನಿಂತರು. ಆ ಟಿಕೆಟ್ ಗೊಂದಲದ ಬಗ್ಗೆ ಆಮೇಲೆ ವಿಚಾರಣೆಯೂ ನಡೆಯಿತು.

🔴 ಭಾಗ 4/8: 30ನೇ ನಿಮಿಷ

ಅಮೆರಿಕದವರಿಗೂ ಒತ್ತಡ ಕಡಿಮೆ ಇರಲಿಲ್ಲ. 1994ರ ವಿಶ್ವಕಪ್ ಆತಿಥ್ಯ ಅವರಿಗೆ ಆಗಲೇ ಸಿಕ್ಕಿತ್ತು, ಆದರೆ 1950ರ ನಂತರ ಅವರು ವಿಶ್ವಕಪ್ ಆಡಿಯೇ ಇರಲಿಲ್ಲ.

ಸುಮಾರು 30ನೇ ನಿಮಿಷ. ಪಾಲ್ ಕಲಿಜೂರಿ ಎಂಬ ಮಿಡ್‌ಫೀಲ್ಡರ್‌ಗೆ ಗೋಲಿನಿಂದ ದೂರದಲ್ಲಿ ಚೆಂಡು ಸಿಗುತ್ತೆ. ಎದುರಿಗೆ ಬಂದವನನ್ನು ತಪ್ಪಿಸಿ ಎಡಗಾಲಿನಲ್ಲಿ ಒದೀತಾನೆ. ಅಷ್ಟು ದೂರದಿಂದ ಗೋಲಾಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಚೆಂಡು ಮೇಲೆ ಹೋಗಿ, ತಟಕ್ಕನೆ ಇಳಿದು, ಗೋಲ್‌ಕೀಪರ್ ಮೈಕಲ್ ಮೌರಿಸ್ ಕೈಗೆ ಸಿಗದೆ ಬಲೆ ಸೇರಿತು. ಕಣ್ಣಿಗೆ ಬಿಸಿಲು ಹೊಡೀತಿತ್ತು ಅಂತಾರೆ.

ಮುಂದೆ ಒಂದು ಗಂಟೆ ಇತ್ತು. ಒಂದೇ ಒಂದು ಗೋಲು ಬೇಕಿತ್ತು. ಬರಲಿಲ್ಲ. 1-0.

ಇನ್ನು ಮುಂದಿನದು ಗಮನಿಸಿ. ಅಷ್ಟು ಕಿಕ್ಕಿರಿದ ಜನ, ಅಷ್ಟು ದೊಡ್ಡ ನಿರಾಸೆ. ಗಲಾಟೆ ಆಗಲಿಲ್ಲ. ತಮ್ಮ ಕನಸು ಮುರಿದ ತಂಡಕ್ಕೆ ಜನ ಚಪ್ಪಾಳೆ ತಟ್ಟಿದರು. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿ ಹೋಗಿದ್ದು ಯಾವ ಆಟಗಾರನಿಗೂ ಅಲ್ಲ, ಟ್ರಿನಿಡಾಡ್‌ನ ಪ್ರೇಕ್ಷಕರಿಗೆ.

ಪ್ರಶಸ್ತಿ ದೊಡ್ಡದೇ. ಆದರೆ ಅದನ್ನು ಹಿಡ್ಕೊಂಡು ವಿಶ್ವಕಪ್‌ಗೆ ಹೋಗೋಕಾಗಲ್ಲವಲ್ಲ.

🔴 ಭಾಗ 5/8: ಹದಿನಾರು ವರ್ಷ

ಹುಡುಗರಿಬ್ಬರೂ ದೊಡ್ಡವರಾದರು. ಯಾರ್ಕ್ ಇಂಗ್ಲೆಂಡಿನ ಆಸ್ಟನ್ ವಿಲ್ಲಾಗೆ, ಅಲ್ಲಿಂದ 1998ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. 1999ರಲ್ಲಿ ಒಂದೇ ಋತುವಿನಲ್ಲಿ ಮೂರು ಕಿರೀಟ ಗೆದ್ದ ತಂಡದ ಮುಖ್ಯ ಸ್ಟ್ರೈಕರ್ ಆತ. ಟೊಬೇಗೋದಲ್ಲಿ ಅವನ ಹೆಸರಿನಲ್ಲೇ ಒಂದು ಸ್ಟೇಡಿಯಂ ಇದೆ. ಲಾಟಪಿ ಪೋರ್ಚುಗಲ್‌ನ ಪೋರ್ಟೋ, ಆಮೇಲೆ ಸ್ಕಾಟ್ಲೆಂಡಿನ ಕ್ಲಬ್‌ಗಳು ಅಂತ ಹೆಸರು ಮಾಡಿದ. ಆದರೆ ವಿಶ್ವಕಪ್ ಇಬ್ಬರಿಗೂ ಸಿಗಲಿಲ್ಲ. ನಡುವೆ ಇಬ್ಬರೂ ರಾಷ್ಟ್ರೀಯ ತಂಡದಿಂದಲೇ ದೂರವಾದರು.

2006ರ ವಿಶ್ವಕಪ್‌ನ ಅರ್ಹತಾ ಅಂತಿಮ ಸುತ್ತು ಶುರುವಾದಾಗ ಮೊದಲ ಮೂರು ಪಂದ್ಯದಲ್ಲಿ ಸಿಕ್ಕಿದ್ದು ಒಂದೇ ಅಂಕ. ಗ್ವಾಟೆಮಾಲಾದಲ್ಲಂತೂ 5-1ರ ಸೋಲು. ಕೋಚ್ ಬರ್ಟಿಲ್ ಸೇಂಟ್ ಕ್ಲೇರ್ ಕೆಲಸ ಹೋಯಿತು. ಟೊಬೇಗೋದಲ್ಲಿ ಬಾಲಕ ಯಾರ್ಕ್‌ನನ್ನು ಬೆಳೆಸಿದ ಗುರು ಇವರೇ. ಅವರ ಜಾಗಕ್ಕೆ, ಹಿಂದೆ ರಿಯಲ್ ಮ್ಯಾಡ್ರಿಡ್ ತಂಡವನ್ನೂ ಪಳಗಿಸಿದ್ದ ಡಚ್ ಕೋಚ್ ಲಿಯೋ ಬೀನ್‌ಹಾಕರ್ ಬಂದರು. ಯಾರ್ಕ್ ನಾಯಕ. ಲಾಟಪಿ ನಿವೃತ್ತಿ ಬಿಟ್ಟು ಮರಳಿ ಬಂದ, 37ರ ವಯಸ್ಸಿಗೆ!

ಕೊನೆಯ ಪಂದ್ಯದಲ್ಲಿ ಮೆಕ್ಸಿಕೋವನ್ನು ಗೆಲ್ಲಲೇಬೇಕಿತ್ತು. ಸ್ಟರ್ನ್ ಜಾನ್ ಎರಡು ಗೋಲು ಹೊಡೆದ, 2-1. ಟ್ರಿನಿಡಾಡ್ ಪ್ಲೇಆಫ್‌ಗೆ ಬಂತು. ಎದುರಾಳಿ ಬಹ್ರೇನ್.

🔴 ಭಾಗ 6/8: ಮನಾಮಾದ ಹೆಡರ್

ಮೊದಲ ಪಂದ್ಯ ಪೋರ್ಟ್ ಆಫ್ ಸ್ಪೇನ್‌ನಲ್ಲಿ, 1-1. ಮತ್ತೆ ಮನೆಯಲ್ಲೇ ಕೈತಪ್ಪಿತು ಅಂತ ಎಷ್ಟು ಜನ ತಲೆ ಮೇಲೆ ಕೈ ಹೊತ್ತಿರಬೇಕು.

2005ರ ನವೆಂಬರ್ 16, ಮನಾಮಾ. 49ನೇ ನಿಮಿಷದಲ್ಲಿ ಟ್ರಿನಿಡಾಡ್‌ಗೆ ಕಾರ್ನರ್. ಒದ್ದವನು ಯಾರ್ಕ್. ಮೇಲೆದ್ದು ತಲೆ ಕೊಟ್ಟವನು ಡಿಫೆಂಡರ್ ಡೆನಿಸ್ ಲಾರೆನ್ಸ್, ಎತ್ತರ ಆರಡಿ ಏಳಿಂಚು. 1989ರಲ್ಲಿ ಇವನಿಗೆ 15 ವರ್ಷ. 1-0!

ಕೊನೆಯ ನಿಮಿಷಗಳಲ್ಲಿ ಬಹ್ರೇನ್ ಚೆಂಡನ್ನು ಬಲೆಗೆ ಹಾಕಿತು. ಆದರೆ ಗೋಲ್‌ಕೀಪರ್ ಕೆಲ್ವಿನ್ ಜ್ಯಾಕ್ ಹಿಡಿತದಲ್ಲಿದ್ದ ಚೆಂಡನ್ನು ಒದ್ದು ಕಸಿದದ್ದು ತಪ್ಪು ಅಂತ ರೆಫರಿ ಗೋಲು ಕೊಡಲಿಲ್ಲ. ನಿಯಮದ ಪ್ರಕಾರ ಸರಿಯಾದ ತೀರ್ಮಾನವೇ. ಆದರೂ ಹೈಟಿಯನ್ನು ನೆನಪಿಟ್ಟಿದ್ದ ಹಿರಿಯರಿಗೆ ಆ ಕ್ಷಣ ಏನನ್ನಿಸಿರಬಹುದು, ನೀವೇ ಹೇಳಿ.

ಅಲ್ಲಿಗೆ, ಅಲ್ಲಿಯವರೆಗೆ ವಿಶ್ವಕಪ್‌ಗೆ ಬಂದ ದೇಶಗಳಲ್ಲೇ ಅತಿ ಕಡಿಮೆ ಜನಸಂಖ್ಯೆಯ ದೇಶ ಅನ್ನೋ ಹೆಸರು ಟ್ರಿನಿಡಾಡ್‌ನದಾಯಿತು. ತಂಡಕ್ಕೆ ಹೊಸ ಹೆಸರು 'ಸೋಕಾ ವಾರಿಯರ್ಸ್'. ಸೋಕಾ ಅಂದ್ರೆ ಕ್ಯಾಲಿಪ್ಸೋದಿಂದ ಹುಟ್ಟಿದ, ಆ ದೇಶದ ಕುಣಿಸುವ ಸಂಗೀತ.

🔴 ಭಾಗ 7/8: ಒಂದು ಅಂಕ, ಸೊನ್ನೆ ಗೋಲು

2006ರ ಜೂನ್ 10, ಜರ್ಮನಿಯ ಡಾರ್ಟ್ಮಂಡ್. ಮೊದಲ ಪಂದ್ಯದಲ್ಲಿ ಎದುರಿಗೆ ಇಬ್ರಾಹಿಮೊವಿಚ್, ಲಾರ್ಸನ್ ಇದ್ದ ಸ್ವೀಡನ್. ಅಭ್ಯಾಸದ ವೇಳೆ ಕೆಲ್ವಿನ್ ಜ್ಯಾಕ್‌ಗೆ ಗಾಯ, ಕೊನೇ ಗಳಿಗೆಯಲ್ಲಿ ಶಾಕಾ ಹಿಸ್ಲಪ್ ಗೋಲು ಕಾಯೋಕೆ ಇಳಿದ. ದ್ವಿತೀಯಾರ್ಧ ಶುರುವಾಗ್ತಿದ್ದ ಹಾಗೇ ಏವರಿ ಜಾನ್‌ಗೆ ರೆಡ್ ಕಾರ್ಡ್. ಹತ್ತೇ ಜನ. ಹಿಸ್ಲಪ್ ಒಂದಾದ ಮೇಲೊಂದು ತಡೆದ. 0-0.

ಆಮೇಲೆ ಇಂಗ್ಲೆಂಡ್ ಎದುರು 82 ನಿಮಿಷ ತಡೆದು ನಿಂತು 2-0 ಸೋಲು, ಪರಾಗ್ವೆ ಎದುರೂ 2-0. ಮೂರು ಪಂದ್ಯ, ಒಂದು ಅಂಕ, ಗೋಲು ಸೊನ್ನೆ. ಕೊನೆಯ ಪಂದ್ಯದಲ್ಲಿ ಲಾಟಪಿ ಬದಲಿ ಆಟಗಾರನಾಗಿ ಮೈದಾನಕ್ಕಿಳಿದ. 1989ರ ಆ ಹುಡುಗ ಕೊನೆಗೂ ವಿಶ್ವಕಪ್ ಆಡಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊರಿಗೆ ಬಂದ ಮೇಲೆ ಆಟಗಾರರು ತಮಗೆ ಬರಬೇಕಾದ ಹಣಕ್ಕಾಗಿ ತಮ್ಮದೇ ಫುಟ್‌ಬಾಲ್ ಸಂಸ್ಥೆಯ ಜೊತೆ ವರ್ಷಗಟ್ಟಲೆ ಜಗಳ ಆಡಬೇಕಾಯಿತು. 2008ರಲ್ಲಿ ಲಂಡನ್‌ನಲ್ಲಿ ನಡೆದ ಮಧ್ಯಸ್ಥಿಕೆಯ ತೀರ್ಪು ಆಟಗಾರರ ಪರವಾಗಿ ಬಂತು. ದೇಶಕ್ಕೆ ಹೆಸರು ತಂದವರು ಪಾವತಿಗಾಗಿ ಕಾನೂನಿನ ಬಾಗಿಲು ತಟ್ಟಿದ್ದು ಈ ಕಥೆಯ ಕಹಿ ಪುಟ.

🔴 ಭಾಗ 8/8: ಲೆಕ್ಕ ತೀರಿದ ದಿನ

2017ರ ಅಕ್ಟೋಬರ್ 10. ಟ್ರಿನಿಡಾಡ್‌ನ ಕೂವಾ ಪಟ್ಟಣ. ಹಿಂದಿನ ದಿನದ ಮಳೆಗೆ ಮೈದಾನದ ಸುತ್ತ ನೀರು ನಿಂತಿತ್ತು, ಗ್ಯಾಲರಿ ಬಹುಪಾಲು ಖಾಲಿ. ಟ್ರಿನಿಡಾಡ್ ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿತ್ತು, ಕಳೆದುಕೊಳ್ಳೋಕೆ ಏನೂ ಉಳಿದಿರಲಿಲ್ಲ. ಎದುರಾಳಿ ಅಮೆರಿಕ. 2018ರ ವಿಶ್ವಕಪ್‌ಗೆ ಹೋಗೋಕೆ ಅವರಿಗೆ ಬೇಕಿದ್ದದ್ದು... ಒಂದು ಡ್ರಾ.

ಮೊದಲು ಅಮೆರಿಕದವರದ್ದೇ ಸ್ವಂತ ಗೋಲು. ಆಮೇಲೆ ಆಲ್ವಿನ್ ಜೋನ್ಸ್ ಬಹಳ ದೂರದಿಂದ ಒದ್ದ, ಯಾರೂ ಗೋಲಾಗುತ್ತೆ ಅಂದುಕೊಳ್ಳದ ದೂರದಿಂದ. ಬಲೆಗೆ ಬಿತ್ತು. 2-1. ಅಮೆರಿಕ ವಿಶ್ವಕಪ್‌ನಿಂದ ಹೊರಗೆ.

1989ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗೆದ್ದ ಮೇಲೆ ಅಮೆರಿಕ ಸತತ ಏಳು ವಿಶ್ವಕಪ್ ಆಡಿತ್ತು. ಆ ಸರಣಿ ಶುರುವಾದ ದ್ವೀಪದಲ್ಲೇ ಮುಗಿಯಿತು. ಟ್ರಿನಿಡಾಡ್ ತಂಡದ ಕೋಚ್ ಯಾರಾಗಿದ್ದರು ಅಂತೀರಾ? ಮನಾಮಾದಲ್ಲಿ ತಲೆ ಕೊಟ್ಟ ಡೆನಿಸ್ ಲಾರೆನ್ಸ್.

ಗಮನಿಸಿದಿರಾ? 1973ರ ಆಟಗಾರ 1989ರ ಕೋಚ್. 1989ರ ಹುಡುಗರು 2006ರ ಹಿರಿಯರು. 2005ರ ಹೀರೋ 2017ರ ಕೋಚ್. 2024ರಲ್ಲಿ ತಂಡದ ಹೊಣೆ ಹೊತ್ತದ್ದು ಡ್ವೈಟ್ ಯಾರ್ಕ್. ದೊಡ್ಡ ದೇಶದಲ್ಲಿ ಸೋತ ತಂಡ ಹೋಗಿ ಹೊಸ ತಂಡ ಬರುತ್ತೆ, ಹಳೆಯದು ಮರೆತುಹೋಗುತ್ತೆ. ಸಣ್ಣ ದೇಶದಲ್ಲಿ ಹಾಗಾಗಲ್ಲ. ಸೋತವರೇ ಮುಂದಿನವರಿಗೆ ಕಲಿಸಬೇಕು. ಟ್ರಿನಿಡಾಡ್‌ಗೆ ಮತ್ತೆ ಮತ್ತೆ ಎದ್ದು ನಿಲ್ಲೋಕೆ ಆಗಿದ್ದು ಈ ಕೈದಾಟುವಿಕೆಯಿಂದ ಅಂತ ನನಗನ್ನಿಸುತ್ತೆ.

ಯಾರ್ಕ್ ಕೋಚ್ ಆಗಿದ್ದ ತಂಡ 2026ರ ವಿಶ್ವಕಪ್‌ಗೆ ಹೋಗಲಿಲ್ಲ. ಅದೇ ಗುಂಪಿನಿಂದ ಹೋಗಿದ್ದು ಇನ್ನೂ ಚಿಕ್ಕ ದ್ವೀಪ, ಸುಮಾರು ಒಂದೂವರೆ ಲಕ್ಷ ಜನರ ಕುರಸಾವೋ. 52 ವರ್ಷದ ನಂತರ ಹೈಟಿಯೂ ಅರ್ಹತೆ ಪಡೆಯಿತು. ಟ್ರಿನಿಡಾಡ್‌ನ ಕೆಂಪು ಅಂಗಿ ಮತ್ತೆ ಕಾಯಬೇಕು. ಕಾಯೋದು ಅವರಿಗೆ ಹೊಸದೇನಲ್ಲ.

ನಿಮ್ಮೂರಿನ ಯಾವ ಸೋಲು ಇವತ್ತಿಗೂ ನಿಮ್ಮ ಮನೆಯ ಹಿರಿಯರ ಬಾಯಲ್ಲಿದೆ? ಕಾಮೆಂಟಲ್ಲಿ ಬರೆಯಿರಿ, ಓದೋಕೆ ಕಾಯ್ತಿರ್ತೀನಿ. ಸರಣಿ ಇಷ್ಟವಾಗಿದ್ರೆ ಸೇವ್ ಮಾಡಿ, ಫುಟ್‌ಬಾಲ್ ಹುಚ್ಚಿನ ಒಬ್ಬ ಗೆಳೆಯನಿಗೆ ಕಳಿಸಿ. 🔴⚽

#ಇತಿಹಾಸ #ಫುಟ್‌ಬಾಲ್ #ಟ್ರಿನಿಡಾಡ್ #ವಿಶ್ವಕಪ್ #ಕನ್ನಡದಲ್ಲಿ_ಕ್ರೀಡೆ